ಒಪ್ಪಂದದಿಂದ ಹುಟ್ಟಿದ ತೋಟ

ಚಹಾ ಕಂಪನಿಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಒಬ್ಬ ಬಿಳಿಯ ದೊರೆಯಿಂದ ಶುರು ಮಾಡುತ್ತಾರೆ. ದೊರೆ ಕುದುರೆ ಏರಿ ಬಂದ, ಕಾಡು ಕಂಡ, ಗುತ್ತಿಗೆ ಬರೆಸಿಕೊಂಡ, ಬೀಜ ತರಿಸಿದ. ಮುನ್ನಾರಿನ ಕಣ್ಣನ್ ದೇವನ್ ಬೆಟ್ಟಗಳ ಕಥೆ 1877ರಲ್ಲಿ ಪೂಂಜಾರಿನ ಅರಸರಿಂದ ಗುತ್ತಿಗೆ ಪಡೆದ ಜಾನ್ ಡೇನಿಯಲ್ ಮನ್ರೋನಿಂದ ತೊಡಗುತ್ತದೆ. ವಾಲ್ಪಾರೈ ಬೆಟ್ಟದ ಕಥೆ ಕಾರ್ವರ್ ಮಾರ್ಷ್‌ನಿಂದ. ನಾನು ಹೇಳಹೊರಟಿರುವ ಕಂಪನಿಗೆ ಅಂಥ ದೊರೆಯೇ ಇಲ್ಲ. 1964ರ ಅಕ್ಟೋಬರ್ 30ರಂದು ದೆಹಲಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿಂಹಳದ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಒಂದು ಕಾಗದಕ್ಕೆ ಸಹಿ ಹಾಕಿದರು. ಆ ಸಹಿಯಿಂದ ಹುಟ್ಟಿದ ತೋಟ ಇದು. ದಕ್ಷಿಣ ಭಾರತದ ಬಹುದೊಡ್ಡ ಚಹಾ ಬೆಳೆಗಾರ ಕಂಪನಿಗಳಲ್ಲಿ ಒಂದಾಗಿ ಬೆಳೆದದ್ದು. ಹೆಸರು ಟಾನ್‌ಟೀ, ಅಂದರೆ ತಮಿಳುನಾಡು ಟೀ ಪ್ಲಾಂಟೇಶನ್ ಕಾರ್ಪೊರೇಷನ್.

ಇದರ ಕಥೆ ನನ್ನ ಕಿವಿಗೆ ಮೊದಲು ಬಿದ್ದದ್ದು 1973ರ ಹಿಂಗಾರಿನ ಒಂದು ರಾತ್ರಿ, ಮದರಾಸಿನಲ್ಲಿ, ಎಗ್ಮೋರ್ ರೈಲು ನಿಲ್ದಾಣದ ಹತ್ತಿರದ ಒಂದು ಉಡುಪಿ ಹೋಟೆಲಿನ ಅಡುಗೆಮನೆಯ ಒಲೆಯ ಮುಂದೆ.

ನಮ್ಮ ಊರು ಸುಳ್ಯದ ಕಡೆ. ಅಪ್ಪ ಹದಿನಾರರ ಹರೆಯದಲ್ಲಿ ಮಾಣಿಯಾಗಿ ಮದರಾಸಿಗೆ ಬಂದವರು, ಆ ಹೊತ್ತಿಗೆ ಗಲ್ಲಾದ ಮೇಲೆ ಕೂರುವಷ್ಟು ಮೇಲೆ ಬಂದಿದ್ದರು. ನಾನು ಶಾಲೆ ಬಿಟ್ಟ ಮೇಲೆ ಹೋಟೆಲಿಗೇ ಬಂದು ಹಿಂದಿನ ಕೋಣೆಯಲ್ಲಿ ಓದುತ್ತಿದ್ದೆ. ಎಗ್ಮೋರ್ ಎಂದರೆ ಆಗ ಮೀಟರ್ ಗೇಜಿನ ದಕ್ಷಿಣಕ್ಕೆಲ್ಲ ಬಾಗಿಲು. ತಿರುಚ್ಚಿ, ಮದುರೆ, ರಾಮೇಶ್ವರಂ ಕಡೆಯ ಗಾಡಿಗಳೆಲ್ಲ ಅಲ್ಲಿಗೇ. 1914ರಲ್ಲಿ ಪಾಂಬನ್ ಸೇತುವೆ ಆದ ಮೇಲೆ ಎಗ್ಮೋರಿನಲ್ಲಿ ಹತ್ತಿದವರು ಧನುಷ್ಕೋಟಿಯಲ್ಲಿ ಇಳಿದು, ಹಡಗು ಹಿಡಿದು, ಸಿಂಹಳದ ತಲೈಮನ್ನಾರಿನಲ್ಲಿ ಮತ್ತೆ ರೈಲು ಹತ್ತಬಹುದಿತ್ತು. ಬೋಟ್ ಮೇಲ್ ಎಂದೇ ಆ ಗಾಡಿಗೆ ಹೆಸರು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನು ಅಳಿಸಿಹಾಕಿದ ಮೇಲೆ ಹಡಗು ರಾಮೇಶ್ವರದಿಂದ ಹೊರಡತೊಡಗಿತು. ಒಪ್ಪಂದಕ್ಕೆ ಸಹಿ ಬಿದ್ದು ಎರಡು ತಿಂಗಳೂ ತುಂಬುವ ಮೊದಲೇ ಆ ದಾರಿಯ ಊರು ಕಡಲ ಪಾಲಾಗಿತ್ತು ನೋಡಿ.

ಆ ರಾತ್ರಿ ಮಳೆ ಹಿಡಿದು ಬಿಡುವ ಲಕ್ಷಣವಿರಲಿಲ್ಲ. ಬೀದಿಯಲ್ಲಿ ಮೊಣಕಾಲು ನೀರು. ಬಾಗಿಲು ಎಳೆಯುವ ಹೊತ್ತಿಗೆ ಜಗಲಿಯಲ್ಲಿ ಒಂದು ಸಂಸಾರ ತೊಯ್ದು ನಿಂತಿತ್ತು. ಒಬ್ಬ ಮುದುಕಿ, ಅವಳ ಮಗ, ಸೊಸೆ, ಇಬ್ಬರು ಮಕ್ಕಳು. ತಗಡಿನ ಪೆಟ್ಟಿಗೆ, ಗಂಟುಮೂಟೆ. ಚಿಕ್ಕ ಮಗುವಿಗೆ ಚಳಿಯಿಂದ ಹಲ್ಲು ಕಟಕಟಿಸುತ್ತಿತ್ತು. ಹೋಟೆಲಿನ ಅಡುಗೆಮನೆಗೆ ಹೊರಗಿನವರನ್ನು ಬಿಡುವ ರೂಢಿ ಆಗ ಇರಲಿಲ್ಲ. ಅಪ್ಪ ಬಿಟ್ಟರು. ಅಡುಗೆಯ ಭಟ್ಟರು ಮುಖ ತಿರುಗಿಸಿ ಕೂತರು. ಸ್ವಲ್ಪ ಹೊತ್ತಿಗೆ ತಾವೇ ಎದ್ದು, ಆರುತ್ತಿದ್ದ ಒಲೆಗೆ ಕಟ್ಟಿಗೆ ಮುಂದೂಡಿ, ಮಗುವನ್ನು ಹತ್ತಿರ ಕೂರಿಸಿದರು. ಉಳಿದಿದ್ದ ಹಾಲಿನಲ್ಲಿ ಚಹಾ ಕಾಯಿಸಿದರು.

ಮುದುಕಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಮೂಸಿದಳು. ಆಮೇಲೆ ಭಟ್ಟರ ಹತ್ತಿರ ಚಹಾ ಪುಡಿಯ ಡಬ್ಬಿ ಕೇಳಿದಳು. ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಬೆರಳಲ್ಲಿ ತಿಕ್ಕಿ, ದೀಪದ ಬೆಳಕಿಗೆ ಹಿಡಿದಳು. "ನಮಗೂ ಇದೇ ಡಸ್ಟು ಕೊಡ್ತಾ ಇದ್ದದ್ದು. ಒಳ್ಳೇದು ಪೆಟ್ಟಿಗೆ ಕಟ್ಟಿ ಲಂಡನ್ನಿಗೆ ಹೋಗ್ತಿತ್ತು," ಅಂದಳು. ಹನ್ನೆರಡು ವರ್ಷದವಳಿದ್ದಾಗಿನಿಂದ ಚಿಗುರು ಕಿತ್ತ ಕೈ ಅದು. ಬೆರಳ ಗಿಣ್ಣುಗಳಲ್ಲಿ ಕಪ್ಪು ಕಲೆ ನಿಂತಿತ್ತು.

ಅವಳು ಹೇಳಿದ್ದನ್ನು ಅವತ್ತು ಅರ್ಧ ಕೇಳಿಸಿಕೊಂಡೆ. ಉಳಿದರ್ಧವನ್ನು ಅಪ್ಪ ಆಮೇಲೆ ಎಷ್ಟೋ ಸಲ ಹೇಳಿದರು. ದೊಡ್ಡವನಾದ ಮೇಲೆ ಪುಸ್ತಕಗಳಲ್ಲಿ ಹುಡುಕಿ ಓದಿದಾಗ ಮುದುಕಿ ಹೇಳಿದ ಒಂದೊಂದು ಮಾತೂ ತಾಳೆಯಾಯಿತು. ಎಲ್ಲವನ್ನೂ ಕೂಡಿಸಿಯೇ ಹೇಳುತ್ತೇನೆ.

ಸಿಂಹಳದ ಬೆಟ್ಟಗಳಲ್ಲಿ ಮೊದಲು ಇದ್ದದ್ದು ಕಾಫಿ. 1869ರ ನಂತರ ಎಲೆಗೆ ತುಕ್ಕು ರೋಗ ಬಿದ್ದು ಕಾಫಿ ತೋಟಗಳೆಲ್ಲ ಒಣಗಿದವು. ಅದಕ್ಕೆ ಎರಡು ವರ್ಷ ಮೊದಲು, 1867ರಲ್ಲಿ, ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು ಲೂಲೆಕಂದೇರ ಎಂಬಲ್ಲಿ 19 ಎಕರೆಗೆ ಚಹಾ ಹಾಕಿದ್ದ. ಕಾಫಿ ಸತ್ತ ನೆಲವನ್ನೆಲ್ಲ ಚಹಾ ಆಕ್ರಮಿಸಿತು. ಕಾಫಿಗೆ ಸುಗ್ಗಿಯ ಕಾಲಕ್ಕಷ್ಟೇ ಆಳು ಸಾಕು. ಚಹಾಕ್ಕೆ ವರ್ಷವಿಡೀ ಬೇಕು, ಹೆಂಗಸರು ಬೇಕು, ಅಲ್ಲೇ ನೆಲೆ ನಿಲ್ಲುವ ಸಂಸಾರಗಳು ಬೇಕು. ಮದರಾಸು ಪ್ರಾಂತ್ಯದ ಬರಗಾಲದ ಹಳ್ಳಿಗಳಿಗೆ ಆಳು ಕೂಡಿಸುವ ಕಂಗಾಣಿಗಳು ಬಂದರು. ಮುಂಗಡ ಕೊಟ್ಟರು, ಸಾಲದ ಚೀಟಿ ಬರೆಸಿಕೊಂಡರು. ಮುದುಕಿಯ ಅಜ್ಜಿ ಪುದುಕ್ಕೋಟೆ ಕಡೆಯಿಂದ ಹಾಗೆ ಹೋದವಳು. ಹಳೆಯ ಕಾಲದಲ್ಲಿ ಮನ್ನಾರಿನಲ್ಲಿ ಇಳಿದು ಕಾಡಿನೊಳಗೆ ನಡೆದೇ ಬೆಟ್ಟ ಹತ್ತಬೇಕಿತ್ತು. ದಾರಿಯಲ್ಲಿ ವಾಂತಿಭೇದಿಗೆ ಸತ್ತವರ ಲೆಕ್ಕವಿಲ್ಲ. ಆಮೇಲಿನ ಕಾಲದವರನ್ನು ರಾಮೇಶ್ವರದ ಹತ್ತಿರದ ಮಂಟಪಂ ಶಿಬಿರದಲ್ಲಿ ರೋಗ ತಪಾಸಣೆಗೆಂದು ಕೂಡಿಹಾಕಿ, ಆಮೇಲೆ ಹಡಗು ಹತ್ತಿಸುತ್ತಿದ್ದರು.

ಮುದುಕಿ ಹುಟ್ಟಿದ್ದು ಹ್ಯಾಟನ್ ಹತ್ತಿರದ ಒಂದು ತೋಟದಲ್ಲಿ. ಬೆಳಕು ಹರಿಯುವ ಮೊದಲೇ ಎದ್ದು ಪೆರಟ್ಟುಕಳದಲ್ಲಿ ಹಾಜರಿ ಕೊಡುವುದು, ಹಗ್ಗವನ್ನು ನೆತ್ತಿಗೆ ಕೊಟ್ಟು ಬೆನ್ನಿಗೆ ಬುಟ್ಟಿ ತೂಗುಹಾಕಿಕೊಳ್ಳುವುದು, ಸಂಜೆ ತೂಕದ ಮುಂದೆ ಸಾಲು ನಿಲ್ಲುವುದು. ಲಯದ, ಅಂದರೆ ಕೂಲಿಗಳ ಸಾಲುಮನೆಯ, ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ ಎರಡು ತಲೆಮಾರು. 1947ರ ಚುನಾವಣೆಯಲ್ಲಿ ಅವಳ ಅಪ್ಪ ಓಟು ಹಾಕಿದ್ದ. ಸ್ವಾತಂತ್ರ್ಯ ಬಂದ 1948ರಲ್ಲೇ ಸಿಂಹಳ ಸರ್ಕಾರ ತಂದ ಪೌರತ್ವ ಕಾಯ್ದೆ ತೋಟದ ತಮಿಳರಿಗೆ ದೇಶವೇ ಇಲ್ಲ ಎಂದಿತು. ಮರುವರ್ಷ ಓಟೂ ಹೋಯಿತು. ಸುಮಾರು 9,75,000 ಜನ ಯಾವ ದೇಶಕ್ಕೂ ಸೇರದವರಾಗಿ ಉಳಿದರು. ಶಾಸ್ತ್ರಿ–ಸಿರಿಮಾವೋ ಒಪ್ಪಂದದಲ್ಲಿ ಆ ಜನವನ್ನು ಹಂಚಿಕೊಂಡರು. 5,25,000 ಭಾರತಕ್ಕೆ, 3,00,000 ಸಿಂಹಳಕ್ಕೆ, ಉಳಿದ 1,50,000 ಆಮೇಲೆ ನೋಡೋಣ ಎಂದು. 1974ರಲ್ಲಿ ಇಂದಿರಾ ಗಾಂಧಿಯವರ ಕಾಲಕ್ಕೆ ಆ ಉಳಿದವರನ್ನೂ ಸಮವಾಗಿ, ಎಪ್ಪತ್ತೈದು ಸಾವಿರದಂತೆ, ಎರಡು ಪಾಲು ಮಾಡಿದರು. ಯಾರ ಜೊತೆ ಯಾರು ಇರಬೇಕೆಂದು ಆ ಜನರನ್ನು ಯಾರೂ ಕೇಳಲಿಲ್ಲ.

ಮುದುಕಿಗೆ ಭಾರತ ಬಂತು, ಅವಳ ತಮ್ಮನಿಗೆ ಸಿಂಹಳ. ಆಗ ಬೆಟ್ಟದ ತೋಟಗಳಲ್ಲಿ ಅಕ್ಕಿ, ಹಿಟ್ಟಿನ ಪಡಿತರ ಕಡಿದು ಜನ ಹಸಿದು ಸಾಯುತ್ತಿದ್ದ ಕಾಲ. ಇನ್ನು ಕಾಯುವುದು ಬೇಡವೆಂದು ಹೊರಟರು. ಹ್ಯಾಟನ್ ನಿಲ್ದಾಣದಲ್ಲಿ ಗಾಡಿ ಹೊರಡುವಾಗ ಹೋಗುವವರೂ ಉಳಿಯುವವರೂ ಒಟ್ಟಿಗೆ ಕೂಗಿ ಅಳುತ್ತಿದ್ದುದರಿಂದ ಜನ ಅದನ್ನು ಅಳುವ ಗಾಡಿ ಎನ್ನುತ್ತಿದ್ದರಂತೆ. ತಲೈಮನ್ನಾರಿನಿಂದ ರಾಮಾನುಜಂ ಹಡಗು. ಅಜ್ಜಿ ಯಾವ ಮಂಟಪಂ ಶಿಬಿರದಿಂದ ಹೋಗಿದ್ದಳೋ ಅದೇ ಮಂಟಪಂ ಶಿಬಿರಕ್ಕೆ ಮೊಮ್ಮಗಳು ಬಂದು ಇಳಿದಳು.

ಶಿಬಿರದಲ್ಲಿ ಒಂದು ಸಂಸಾರದ ಕಾರ್ಡು ಕೊಟ್ಟು, ಪುನರ್ವಸತಿ ಎಂದು ಒಂದು ಚೀಟಿ ಬರೆದಿದ್ದರು. ಅದರಲ್ಲಿ ಇದ್ದದ್ದು ಅಂಗಡಿ ಹಾಕಲು ಸಾಲ. ಅದೂ ಅವರಿಗೆ ಒಂದು ನರಪಿಳ್ಳೆಯ ಪರಿಚಯವೂ ಇಲ್ಲದ ಜಿಲ್ಲೆಯಲ್ಲಿ. ತೋಟದ ಜನಕ್ಕೆ ವ್ಯಾಪಾರದ ಸಾಲ ಕೊಡುವ ಈ ಯೋಜನೆ ಸಾವಿರಾರು ಸಂಸಾರಗಳನ್ನು ಬೀದಿಗೆ ತಂದಿತು. ಬುಟ್ಟಿ ಹೊತ್ತವರಿಗೆ ತಕ್ಕಡಿ ಹಿಡಿಯಲು ಬರಲಿಲ್ಲ. ಬಂದ ದುಡ್ಡು ದಲ್ಲಾಳಿಗಳ ಪಾಲಾಯಿತು. ಮುದುಕಿಗೆ ಇದು ಮೊದಲೇ ಹೊಳೆದಿತ್ತು. "ತೂಕ ಹಾಕಿ ಮಾರೋಕೆ ನಮಗೆ ಬರೋದಿಲ್ಲ ಸ್ವಾಮಿ. ನಾವು ಕಿತ್ತದ್ದನ್ನ ಬೇರೆಯವರು ತೂಕ ಹಾಕಿದ್ದು ಗೊತ್ತು. ಊಟಿ ಕಡೆ ಸರ್ಕಾರವೇ ಚಹಾ ಹಾಕ್ತಿದೆ ಅಂತಲ್ಲ, ಅಲ್ಲಿಗೆ ಕಳಿಸಿ ಅಂತ ಕೇಳೋಕೆ ಬಂದಿದ್ದೀವಿ," ಅಂದಳು. ಹಗಲೆಲ್ಲ ಒಂದು ಸರ್ಕಾರಿ ಕಚೇರಿಯ ಬಾಗಿಲಲ್ಲಿ ನಿಂತು, ಅರ್ಜಿ ಇಂಗ್ಲಿಷಿನಲ್ಲಿ ಇಲ್ಲವೆಂದು ವಾಪಸು ಬಂದವರು ಅವರು.

ಅಪ್ಪ ಓದಿದ್ದು ಎಂಟನೆಯ ತರಗತಿ. ಆದರೆ ಹೋಟೆಲಿಗೆ ಬರುವ ವಕೀಲರ ಗುಮಾಸ್ತರನ್ನು ನೋಡಿ ನೋಡಿ ಅರ್ಜಿ ಬರೆಯುವುದನ್ನು ಕಲಿತಿದ್ದರು. ಒಲೆಯ ಬೆಳಕಿನಲ್ಲೇ, ಬಿಲ್ ಪುಸ್ತಕದ ಹಿಂಬದಿಯಲ್ಲಿ ಮೊದಲು ಗೀಚಿ, ಆಮೇಲೆ ನನ್ನ ನೋಟ್‌ಬುಕ್ಕಿನ ಎರಡು ಹಾಳೆ ಹರಿದು ಶುದ್ಧಪ್ರತಿ ಮಾಡಿದರು. ಸಂಸಾರದಲ್ಲಿ ದುಡಿಯುವ ಕೈ ಎಷ್ಟು, ಯಾರಿಗೆ ಯಾವ ಕೆಲಸ ಬರುತ್ತದೆ ಎಂದು ಒಂದೊಂದೇ ಕೇಳಿ ಬರೆದರು. ಮಗ ಪೆಟ್ಟಿಗೆ ತೆರೆದು ಕವಾತಿನ ಕತ್ತಿಯನ್ನು ತೋರಿಸಿದ. ಚಹಾ ಗಿಡದ ನೆತ್ತಿಯನ್ನು ಸವರಿ ಸಮ ಮಾಡುವ ಕತ್ತಿ. ಇದನ್ನೂ ಬರೆಯಿರಿ ಎಂದ. ಅಪ್ಪ ಬರೆದರು: ಇಪ್ಪತ್ತು ವರ್ಷ ಕವಾತು ಮಾಡಿದ ಅನುಭವ. ಬೆಳಿಗ್ಗೆ ಇಡ್ಲಿ ಕಟ್ಟಿಸಿಕೊಟ್ಟು, ತಾವೇ ಕಚೇರಿಯವರೆಗೆ ಹೋಗಿ ಬಂದರು. ಮರುವರ್ಷ ಮುಂಗಾರಿನ ಹೊತ್ತಿಗೆ ಗೂಡಲೂರಿನ ಮುದ್ರೆ ಬಿದ್ದ ಒಂದು ಕಾರ್ಡು ಬಂತು: ಪಂದಲೂರಿನ ಕಡೆ ತೋಟದಲ್ಲಿ ಕೆಲಸ ಸಿಕ್ಕಿದೆ, ಸಸಿ ನೆಡುತ್ತಿದ್ದೇವೆ.

ಈಗ ಆ ತೋಟದ ಮಾತು. ನೀಲಗಿರಿಗೆ ಚಹಾ ಹೊಸದೇನಲ್ಲ. 1835ರಲ್ಲಿ ಕಲ್ಕತ್ತೆಯಲ್ಲಿ ಬೆಳೆಸಿದ ಚೀನಾ ಸಸಿಗಳಲ್ಲಿ ಒಂದು ಪಾಲನ್ನು ದಕ್ಷಿಣಕ್ಕೆ ಕಳಿಸಿದ್ದರು. ಮೈಸೂರು, ಕೊಡಗು, ನೀಲಗಿರಿಗಳಿಗೆ ಹಂಚಿದ್ದರು. ಹೆಚ್ಚಿನವು ಸತ್ತವು. ಕೇತ್ತಿಯ ಸರ್ಕಾರಿ ತೋಟದಲ್ಲಿ ಪೆರೊಟ್ಟೆ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ಕಾಪಾಡಿದ ಕೆಲವು ಬದುಕಿದವು. ಆಮೇಲಿನ ನೂರು ವರ್ಷದಲ್ಲಿ ಒಳ್ಳೆಯ ಇಳಿಜಾರುಗಳೆಲ್ಲ ಕಂಪನಿಗಳ ಪಾಲಾದವು. ಅವುಗಳ ಲೆಕ್ಕಪತ್ರ, ಹಡಗಿನ ವ್ಯವಹಾರ ಮದರಾಸಿನ ಕೋಟೆಯ ಉತ್ತರಕ್ಕಿರುವ ಓಣಿಗಳಲ್ಲಿ ನಡೆಯುತ್ತಿತ್ತು. 1788ರಲ್ಲಿ ಮದರಾಸಿಗೆ ಬಂದ ಥಾಮಸ್ ಪ್ಯಾರಿಯ ಹೆಸರು ಹೊತ್ತ ಪ್ಯಾರಿಸ್ ಕಾರ್ನರ್‌ನಲ್ಲಿ ಡೇರ್ ಹೌಸ್ ಇಂದಿಗೂ ನಿಂತಿದೆ. ಪ್ಯಾರಿ ಕಂಪನಿಯ ವ್ಯವಹಾರವನ್ನು 1981ರಲ್ಲಿ ಮುರುಗಪ್ಪ ಬಳಗ ವಹಿಸಿಕೊಂಡಿತು, ವಾಲ್ಪಾರೈಯಲ್ಲಿ ಅವರಿಗೆ ದೊಡ್ಡ ಚಹಾ ತೋಟಗಳಿವೆ. ಅದೇ ಡೇರ್ ಹೌಸಿನ ಎದುರಿನ ಕಾಲುದಾರಿಯಲ್ಲಿ 1969ರಲ್ಲಿ ಬರ್ಮಾದಿಂದ ಹೊರದೂಡಿಸಿಕೊಂಡು ಬಂದವರಿಗೆ ಅಂಗಡಿ ಹಾಕಿಕೊಡಲಾಯಿತು, ಅದೇ ಬರ್ಮಾ ಬಜಾರು. ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ಕಟ್ಟಡವನ್ನೂ ಬಜಾರನ್ನೂ ಒಟ್ಟಿಗೇ ತೋರಿಸುತ್ತಿದ್ದರು.

1968ರಲ್ಲಿ ತಮಿಳುನಾಡು ಸರ್ಕಾರ ಅರಣ್ಯ ಇಲಾಖೆಯ ಕೈಯಲ್ಲೇ ಚಹಾ ಯೋಜನೆ ಶುರು ಮಾಡಿತು. ಸಿಂಹಳದಿಂದ ಬರುವವರಿಗೆ ಕೈಗೆ ಗೊತ್ತಿರುವ ಕೆಲಸ ಕೊಡಬೇಕು ಎಂಬುದೇ ಉದ್ದೇಶ. ನೆಲ ಅರಣ್ಯ ಇಲಾಖೆಯದು, ಗುತ್ತಿಗೆಗೆ ಕೊಟ್ಟದ್ದು. ಕೋಟಗಿರಿ, ಕೂನೂರು, ಗೂಡಲೂರು, ಪಂದಲೂರು, ಚೇರಂಬಾಡಿ, ನೆಲ್ಲಿಯಾಳಂ, ಕೊಳಪ್ಪಳ್ಳಿ, ಕೊನೆಗೆ ಆನೆಮಲೆಯ ವಾಲ್ಪಾರೈವರೆಗೆ ತೋಟಗಳು ಹಬ್ಬಿದವು. ಎಪ್ಪತ್ತರ ದಶಕದ ನಡುವೆ ಯೋಜನೆಯನ್ನು ನಿಗಮವಾಗಿಸಿದರು, ಮುಖ್ಯ ಕಚೇರಿ ಕೂನೂರಿನಲ್ಲಿ. ಮುಂದೆ ಅದು ಸುಮಾರು 4,500 ಹೆಕ್ಟೇರಿನ ತೋಟವಾಯಿತು.

ಎಂಬತ್ತರ ದಶಕದ ನಡುವೆ ಊರಿಗೆ ಹೋದವನು ಮೈಸೂರು, ಗುಂಡ್ಲುಪೇಟೆ ದಾರಿಯಲ್ಲಿ ಬಂಡೀಪುರ ದಾಟಿ ಗೂಡಲೂರಿಗೆ ಇಳಿದೆ. ನಮ್ಮ ಗಡಿಯಿಂದ ಅದೆಷ್ಟು ಹತ್ತಿರ ಎಂಬುದು ಹೋದ ಮೇಲೆ ತಿಳಿಯಿತು. ಸಂತೆಯಲ್ಲಿ ತಮಿಳು, ಮಲಯಾಳ, ಕನ್ನಡ, ಬಡಗ ಎಲ್ಲ ಕಿವಿಗೆ ಬೀಳುತ್ತವೆ. ನೆಲ್ಲಿಯಾಳವನ್ನು ಆಳಿದ ಅರಸು ಮನೆತನ ಉಮ್ಮತ್ತೂರಿನ ಕಡೆಯಿಂದ ಬಂದದ್ದೆಂಬ ಪ್ರತೀತಿಯೂ ಇದೆ. ಹಳೆಯ ಕಾರ್ಡಿನ ವಿಳಾಸ ಹಿಡಿದು ತೋಟ ಹುಡುಕಿದೆ. ಮುದುಕಿ ತೀರಿಕೊಂಡಿದ್ದಳು. ಮಗ ಮೇಸ್ತ್ರಿಯಾಗಿದ್ದ. ಎಗ್ಮೋರಿನ ಹೋಟೆಲು ಎಂದ ಕೂಡಲೇ ನನ್ನ ಕೈ ಹಿಡಿದುಕೊಂಡು ತೋಟದೊಳಗೆ ನಡೆಸಿದ.

ಅವತ್ತು ಅವನಿಂದ ಕಲಿತದ್ದು ಯಾವ ಪುಸ್ತಕದಲ್ಲೂ ಇಷ್ಟು ಚೆನ್ನಾಗಿ ಸಿಕ್ಕಿಲ್ಲ. ನೂರು ವರ್ಷದ ಹಳೆಯ ಕಂಪನಿಗಳಲ್ಲಿ ಗಿಡಗಳೆಲ್ಲ ಬೀಜದಿಂದ ಹುಟ್ಟಿದವು. ಒಂದು ಗಿಡದಂತೆ ಇನ್ನೊಂದಿಲ್ಲ. ಇವರು ತಡವಾಗಿ ಶುರು ಮಾಡಿದ್ದರಿಂದ ಆಯ್ದ ತಾಯಿಗಿಡಗಳ ಕಡ್ಡಿ ಕತ್ತರಿಸಿ ಬೆಳೆಸಿದ ಸಸಿಗಳನ್ನೇ ನೆಟ್ಟರು. ಒಂದು ಎಲೆ, ಒಂದು ಗಿಣ್ಣು ಇರುವ ಕಡ್ಡಿ. ಅದನ್ನು ಮಣ್ಣು ತುಂಬಿದ ಪ್ಲಾಸ್ಟಿಕ್ ಕೊಳವೆಗಳಲ್ಲಿ ಊರಿ, ನೆರಳು ಕಟ್ಟಿ, ವರ್ಷದ ಹತ್ತಿರ ಸಾಕಬೇಕು. ಮುಂಗಾರು ಹಿಡಿಯುತ್ತಲೇ ಇಳಿಜಾರಿನ ಅಡ್ಡಕ್ಕೆ, ನೀರು ಮಣ್ಣನ್ನು ಕೊಚ್ಚದಂತೆ ಜೋಡಿ ಸಾಲಿನಲ್ಲಿ ನೆಡಬೇಕು. ಒಂದು ಹೆಕ್ಟೇರಿಗೆ ಹದಿಮೂರು ಸಾವಿರ ಗಿಡ. ನಡುನಡುವೆ ನೆರಳಿಗೆ ಸಿಲ್ವರ್ ಓಕ್. ಬಿಟ್ಟರೆ ಮರವಾಗುವ ಗಿಡವನ್ನು ಸೊಂಟದೆತ್ತರಕ್ಕೆ ಕತ್ತರಿಸಿ ಕತ್ತರಿಸಿ ಮೇಜಿನಂತೆ ಹರಡಿಸಬೇಕು. ಮೂರನೆಯ ವರ್ಷದಿಂದ ಚಿಗುರು. ಅವನು ಸಿಂಹಳದಿಂದ ತಂದಿದ್ದ ಕತ್ತಿಯಲ್ಲೇ ಮೊದಲ ಕವಾತು ಮಾಡಿದನಂತೆ.

ನೆಟ್ಟ ಮೊದಲ ವರ್ಷಗಳ ಕಷ್ಟವನ್ನೂ ಹೇಳಿದ. ವಾಸಕ್ಕೆ ಗುಡಿಸಲು, ಕಾಲಿಗೆ ಜಿಗಣೆ, ರಾತ್ರಿ ಆನೆ. ಸಿಂಹಳದಲ್ಲಿ ಇವರನ್ನು ಇಂಡಿಯಾದವರೆಂದು ಕರೆದರು, ಇಲ್ಲಿ ಸಿಲೋನಿನವರೆಂದು. ಕಡಿದ ಕಾಡು ಬರೀ ಕಾಡಾಗಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಅದು ಪಣಿಯರು, ಕಾಟ್ಟುನಾಯಕರು, ಕುರುಂಬರು ಜೇನು, ಗೆಡ್ಡೆ ಆಯ್ದು ಬದುಕುತ್ತಿದ್ದ ನೆಲ. ವಯನಾಡಿನಿಂದ ಮುದುಮಲೆಗೆ ಆನೆಗಳು ನಡೆಯುತ್ತಿದ್ದ ನೆಲ. ಒಬ್ಬ ಬಡವನಿಗೆ ನ್ಯಾಯ ಕೊಡಲು ಸರ್ಕಾರ ಇನ್ನೊಬ್ಬ ಬಡವನ ಅಂಗಳವನ್ನು ಆರಿಸಿಕೊಂಡಿತು. ಆನೆ ತುಳಿದು ಸತ್ತ ತೋಟದ ಕೂಲಿಗಳ ಸುದ್ದಿ ಪಂದಲೂರಿನಿಂದ ಇಂದಿಗೂ ಬರುತ್ತಲೇ ಇದೆ. ಆನೆಯ ತಪ್ಪೂ ಅಲ್ಲ, ಕೂಲಿಯ ತಪ್ಪೂ ಅಲ್ಲ.

ಕಾರ್ಖಾನೆಯನ್ನೂ ತೋರಿಸಿದ. ಎಲೆ ಬಂದ ಕೂಡಲೇ ಉದ್ದದ ತೊಟ್ಟಿಗಳ ಮೇಲೆ ಹರವಿ ಗಾಳಿ ಬಿಟ್ಟು ಬಾಡಿಸುತ್ತಾರೆ. ರಾತ್ರಿಯೆಲ್ಲ ಬಾಡಿದ ಎಲೆ ಹಲ್ಲಿನ ಉರುಳೆಗಳ ನಡುವೆ ಸಿಕ್ಕಿ ಹಿಂಡಿ, ಹರಿದು, ಸುರುಳಿಯಾಗುತ್ತದೆ. ಅದೇ ಸಿಟಿಸಿ, 1930ರಲ್ಲಿ ಅಸ್ಸಾಮಿನಲ್ಲಿ ಕಂಡುಹಿಡಿದ ಯಂತ್ರ. ನಮ್ಮ ಹೋಟೆಲುಗಳ ಗಟ್ಟಿ ಚಹಾವೆಲ್ಲ ಅದರ ಕೂಸು. ಹಸಿರು ಪುಡಿ ಗಾಳಿಗೆ ತಾಮ್ರದ ಬಣ್ಣಕ್ಕೆ ತಿರುಗುವುದನ್ನು ಕಾದು, ಸರಿಯಾದ ಗಳಿಗೆಗೆ ಬಿಸಿಗಾಳಿಯ ಒಣಗುಮನೆಗೆ ಕಳಿಸಬೇಕು. ಆ ಗಳಿಗೆಯನ್ನು ಮೂಗಿನಿಂದಲೇ ಹೇಳುವವರು ಅಲ್ಲಿದ್ದರು. ನಾಲ್ಕೂಕಾಲು, ನಾಲ್ಕೂವರೆ ಕಿಲೋ ಹಸಿ ಎಲೆ ಒಂದು ಕಿಲೋ ಪುಡಿಯಾಗುತ್ತದೆ. ಹಿಂದೆ ಬರುವಾಗ ಅವನು ಒಂದು ಪೊಟ್ಟಣ ಕೊಟ್ಟ. ಡಸ್ಟ್ ಅಲ್ಲ, ಕಣ್ಣಿಟ್ಟು ಆರಿಸಿದ ಒಳ್ಳೆಯ ಎಲೆ. "ಅಮ್ಮ ಇದನ್ನೇ ಕುಡಿದು ಸತ್ತಳು," ಅಂದ. ಈ ಕಂಪನಿಯ ಬಗ್ಗೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಸಂಗತಿ ಇದು.

ಇದೇ ಒಪ್ಪಂದದ ಇನ್ನೊಂದು ಕವಲು ನಮ್ಮ ಸುಳ್ಯಕ್ಕೂ ಬಂದಿದೆ. 1971ರಲ್ಲಿ ಹುಟ್ಟಿದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಸುಳ್ಯ, ಪುತ್ತೂರು, ಸುಬ್ರಹ್ಮಣ್ಯದ ಗುಡ್ಡಗಳಲ್ಲಿ ರಬ್ಬರ್ ಹಾಕಿದಾಗ ಹಾಲು ತೆಗೆಯುವ ಕೆಲಸಕ್ಕೆ ಬಂದವರು ಇದೇ ಜನ. ಕೇರಳದ ಪುನಲೂರಿನಲ್ಲಿ 1976ರಲ್ಲಿ ಅವರಿಗಾಗಿಯೇ ಒಂದು ರಬ್ಬರ್ ಕಂಪನಿ ಆಯಿತು. ಬರ್ಮಾ, ಸಿಂಹಳದಿಂದ ಬಂದವರಿಗೆ ಸಾಲ ಕೊಡಲೆಂದು 1969ರಲ್ಲಿ ಮದರಾಸಿನಲ್ಲಿ ಶುರುವಾದ ರೆಪ್ಕೋ ಬ್ಯಾಂಕಿನಲ್ಲಿ ಕರ್ನಾಟಕ ಸರ್ಕಾರದ ಪಾಲೂ ಇದೆ. ನನ್ನ ಊರಿನ ಜನ ರಬ್ಬರ್ ತೋಟದ ಮನೆಗಳನ್ನು ಇಂದಿಗೂ ಸಿಲೋನ್ ಕಾಲೊನಿ ಎನ್ನುತ್ತಾರೆ. ಅಲ್ಲಿನ ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿತು ನನಗಿಂತ ಚೆನ್ನಾಗಿ ಕನ್ನಡ ಬರೆಯುತ್ತಾರೆ.

ತೊಂಬತ್ತರ ದಶಕದಲ್ಲಿ ಟಾನ್‌ಟೀಯ ಬಿಸಿಲು ಇಳಿಯತೊಡಗಿತು. ದಕ್ಷಿಣದ ಚಹಾಕ್ಕೆ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತು. ದಶಕದ ಕೊನೆಗೆ ಬೆಲೆ ಕುಸಿದು ನೀಲಗಿರಿಯ ಬಡಗ ಸಣ್ಣ ಬೆಳೆಗಾರರು ಬೀದಿಗಿಳಿದರು. ಖಾಸಗಿ ಕಂಪನಿಗಳು ತೋಟ ಮಾರಿದವು, ಕೈ ಬದಲಾದವು. ಸರ್ಕಾರದ ಕಂಪನಿಗೆ ಮಾರುವಂತಿಲ್ಲ, ಬಿಡುವಂತಿಲ್ಲ. ಗಿಡಗಳಿಗೆ ವಯಸ್ಸಾಯಿತು, ಗೊಬ್ಬರ ಕಡಿಮೆಯಾಯಿತು, ನಿವೃತ್ತರಾದವರ ಬಾಕಿ ಉಳಿಯಿತು. ಆ ಮೇಸ್ತ್ರಿಯ ಮಕ್ಕಳು ಯಾರೂ ತೋಟದಲ್ಲಿಲ್ಲ. ಒಬ್ಬ ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ, ಒಬ್ಬಳು ಇಲ್ಲೇ ಚೆನ್ನೈನಲ್ಲಿ ದಾದಿ. 2022ರಲ್ಲಿ ಸರ್ಕಾರ ಎರಡು ಸಾವಿರ ಹೆಕ್ಟೇರಿಗೂ ಹೆಚ್ಚು ತೋಟವನ್ನು ಅರಣ್ಯ ಇಲಾಖೆಗೆ ಹಿಂತಿರುಗಿಸಲು ಆದೇಶ ಹೊರಡಿಸಿತು. ಗೂಡಲೂರಿನಲ್ಲಿ ಕೂಲಿಕಾರರು ಪ್ರತಿಭಟಿಸಿದರು. ಮೂರನೆಯ ತಲೆಮಾರಿಗೆ ಮತ್ತೆ ಅದೇ ಪ್ರಶ್ನೆ: ನಾವು ಎಲ್ಲಿಗೆ?

ನಷ್ಟದ ಕಂಪನಿ ಎಂದು ಇದನ್ನು ಬರೆದು ಮುಗಿಸುವವರ ಜೊತೆ ನಾನು ಒಪ್ಪುವುದಿಲ್ಲ. ಲಾಭಕ್ಕೆಂದು ಹುಟ್ಟಿದ ಕಂಪನಿಯನ್ನು ಲಾಭದಿಂದ ಅಳೆಯಿರಿ. ಇದು ಹುಟ್ಟಿದ್ದು ಎರಡು ದೇಶಗಳು ಪಾಲು ಹಾಕಿಕೊಂಡ ಜನಕ್ಕೆ ನೆಲೆ ಕೊಡಲು. ಆ ನೆಲೆಯನ್ನು ಇದು ಐವತ್ತು ವರ್ಷ ಕೊಟ್ಟಿದೆ, ಅವರ ಮಕ್ಕಳನ್ನು ಶಾಲೆಗೆ ಕಳಿಸಿದೆ, ಅವರು ಕಿತ್ತ ಚಿಗುರನ್ನು ಅವರೇ ಕುಡಿಯುವಂತೆ ಮಾಡಿದೆ. ಕಾಡು ಹಿಂದೆ ಬರಲಿ, ಆನೆಗಳಿಗೆ ದಾರಿ ಬಿಡಲಿ, ಅದೂ ನ್ಯಾಯವೇ. ಆದರೆ ಅದಕ್ಕೆ ಮೊದಲು ಆ ಲಯದ ಮನೆಗಳಲ್ಲಿ ಇರುವವರಿಗೆ ಅವರ ಹೆಸರಿನಲ್ಲೇ ಮನೆ, ಮನೆಯಡಿಯ ನೆಲದ ಪಟ್ಟಾ ಮತ್ತು ಬಾಕಿ ಉಳಿದ ಹಣ ಸಿಗಬೇಕು. ಸುಳ್ಯದ ರಬ್ಬರ್ ತೋಟದವರಿಗೂ ಅಷ್ಟೇ. ಚೆನ್ನೈನವರು ತಮ್ಮ ಶಾಸಕರಿಗೆ, ದಕ್ಷಿಣ ಕನ್ನಡದವರು ತಮ್ಮ ಶಾಸಕರಿಗೆ ಈ ಮಾತನ್ನು ಒಂದು ಸಾಲಿನಲ್ಲಾದರೂ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.